ಎಡಹುಬ್ಬು ಎಂದರೆ ಉಪ್ಪು

ಹರಪನಹಳ್ಳಿ ಬಸ್‌ಸ್ಟ್ಯಾಂಡಿನ ಎದುರಿನ ಆ ಮಿರ್ಚಿ ಮಂಡಕ್ಕಿ ಅಂಗಡಿಯಲ್ಲಿ ಅಣ್ಣತಮ್ಮಂದಿರಿಬ್ಬರು ಐದಾರು ವರ್ಷಗಳಿಂದ ಮಾತಾಡಿಲ್ಲ ಎಂಬುದು ಹೊಸ ಗಿರಾಕಿಗೆ ಗೊತ್ತೇ ಆಗುತ್ತಿರಲಿಲ್ಲ. ಅಷ್ಟೊಂದು ಮಾತುಕತೆ ನಡೆಯುತ್ತಿತ್ತು ಅಲ್ಲಿ.

ಬಾಣಲೆಯ ಮುಂದೆ ಅಣ್ಣ ನಾಗಪ್ಪ, ಗಲ್ಲಾದ ಹಿಂದೆ ತಮ್ಮ ಕೊಟ್ರಸ್ವಾಮಿ. ತಮ್ಮ ಗದ್ದ ಮೇಲೆತ್ತಿದನೆಂದರೆ ಹಿಂದಿನ ಬೆಂಚಿನವರು ಕಾಯುತ್ತಿದ್ದಾರೆ, ಬೇಗ ಕರಿ ಎಂದು. ಅಣ್ಣ ಕೆನ್ನೆ ಉಬ್ಬಿಸಿದನೆಂದರೆ ಮಂಡಕ್ಕಿ ಚೀಲ ತಳ ಕಂಡಿದೆ ಎಂದು. ತಮ್ಮ ಮೂಗು ಮುರಿದರೆ ಎಣ್ಣೆ ಹಳತಾಗಿದೆ. ಎಡಹುಬ್ಬು ಏರಿಸಿದರೆ ಹಿಟ್ಟಿಗೆ ಉಪ್ಪು ಹೆಚ್ಚಾಗಿದೆ. ಬಲಗಣ್ಣು ಹೊಡೆದರೆ ಬಂದವರು ನಮ್ಮೋರು, ತಟ್ಟೆಗೆ ಒಂದು ಮೆಣಸಿನಕಾಯಿ ಜಾಸ್ತಿ ಹಾಕು. ಇದನ್ನೆಲ್ಲ ಯಾರೂ ಕೂತು ಗೊತ್ತು ಮಾಡಿದ್ದಲ್ಲ. ಗೋಡೆ ಬಿರುಕಿನಲ್ಲಿ ಅರಳಿ ಗಿಡ ಹುಟ್ಟುವ ಹಾಗೆ ತಾನೇ ಹುಟ್ಟಿಕೊಂಡಿತ್ತು. ಬೇಡ ಎನ್ನಲು ಊರವರೆಲ್ಲ ನಾಲಿಗೆಯಲ್ಲಿ 'ಲೊಚ್' ಎನ್ನುತ್ತಾರಲ್ಲ, ಅದೊಂದನ್ನು ಮಾತ್ರ ಇಬ್ಬರೂ ಬಳಸುತ್ತಿರಲಿಲ್ಲ. ಅದು ಸನ್ನೆಯೋ ಮಾತೋ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ.

ಮಾತು ಬಿಟ್ಟವನು ನಾಗಪ್ಪ. ಬಿಡಿಸಿದ್ದು ಕೊಟ್ರಸ್ವಾಮಿಯ ಮುಖ.

ಕೊಟ್ರಸ್ವಾಮಿಗೆ ಒಂದು ವಿದ್ಯೆ ಒಲಿದಿತ್ತು. ಊರಿನಲ್ಲಿ ಯಾರ ಮುಖವೂ ಅವರೊಬ್ಬರದೇ ಆಗಿರುತ್ತಿರಲಿಲ್ಲ. ಒಂದು ಪ್ರತಿ ಅವನ ಬಳಿಯೂ ಇರುತ್ತಿತ್ತು. ಮೆಕ್ಕೆಜೋಳದ ದಲ್ಲಾಳಿ ಕಾಳನ್ನು ಕಚ್ಚಿ ನೋಡುವಾಗಿನ ಮುಖ, ಹಡಗಲಿ ಬಸ್ಸಿನ ಕಂಡಕ್ಟರು ಚಿಲ್ಲರೆ ಇಲ್ಲ ಎನ್ನುವಾಗಿನ ಮುಖ, ಬೀಗರ ಮನೆಯಲ್ಲಿ ಇನ್ನೊಂದು ಹೋಳಿಗೆ ಬೇಡ ಎನ್ನುತ್ತ ಎಲೆ ಮುಂದೆ ಸರಿಸುವವರ ಮುಖ, ಎಲ್ಲ ಅವನ ಸ್ಟಾಕಿನಲ್ಲಿದ್ದವು. ಅವರಪ್ಪನಿಗೆ ಕೊನೆಗಾಲದಲ್ಲಿ ಲಕ್ವ ಹೊಡೆದು ಬಾಯಿ ಒಂದು ಕಡೆಗೆ ಜಾರಿತ್ತು. ಗಂಜಿ ಕುಡಿಸಿದವನು, ಒರೆಸಿದವನು, ಮಗ್ಗುಲು ಬದಲಿಸಿದವನು ನಾಗಪ್ಪ. ಅಪ್ಪ ತೀರಿಕೊಂಡ ಮರುವರ್ಷ ಮನೆಯಲ್ಲಿ ತೊಟ್ಟಿಲು ಶಾಸ್ತ್ರ. ಪಂಕ್ತಿಯಲ್ಲಿ ಕೂತವರು "ಕೊಟ್ರಣ್ಣ, ಒಂದೆರಡು ಮಾಡಪ" ಅಂದರು. ಮಾಡಿದ. ನಕ್ಕರು. ಇನ್ನೊಂದು ಅಂದರು. ನಗು ಎಂಬುದು ಇಳಿಜಾರು. ಜಾರುತ್ತ ಜಾರುತ್ತ ಅವನು ಅಪ್ಪನ ಸೊಟ್ಟ ಬಾಯಿ ಮಾಡಿ, ಅಪ್ಪ ಕದ್ದು ಮಿರ್ಚಿ ಕೇಳುತ್ತಿದ್ದುದನ್ನು ತೋರಿಸಿದ. ಇಡೀ ಪಂಕ್ತಿ ನಕ್ಕಿತು. ನಾಗಪ್ಪ ಅರ್ಧ ಊಟದ ಎಲೆ ಬಿಟ್ಟು ಎದ್ದ.

"ಇವತ್ತಿಂದ ನಿನ್ ಕೂಡ ಮಾತಿಲ್ಲಲೇ" ಅಂದ. ಅದೇ ಕೊನೆ.

ಮಾತು ಬಿಡುವುದಕ್ಕೂ ಆ ಸೀಮೆಯಲ್ಲಿ ಒಂದು ಶಿಸ್ತಿದೆ. ಮಾತು ಬಿಟ್ಟರೆ ಮಾತನ್ನಷ್ಟೇ ಬಿಡಬೇಕು, ಅಂಗಡಿಯನ್ನಲ್ಲ. ಮರುದಿನ ಹೊತ್ತಿಗೆ ಸರಿಯಾಗಿ ಬಾಗಿಲು ತೆರೆಯಿತು, ಎಣ್ಣೆ ಕಾಯಿತು. ಇನ್ನೊಂದು: ಯಾರು ಬಿಟ್ಟರೋ ಅವರೇ ಮತ್ತೆ ಹಿಡಿಯಬೇಕು. ಬಿಡಿಸಿಕೊಂಡವನು ತಾನಾಗಿ ಬಾಯಿ ತೆರೆದರೆ ಅದು ಮೊದಲಿನ ತಪ್ಪಿಗಿಂತ ದೊಡ್ಡದು. ಮೈಮೇಲೆ ಬಿದ್ದು ಬಂದ ಹಾಗೆ. ಕೊಟ್ರಸ್ವಾಮಿ ಕಾಯುತ್ತಿದ್ದ. ಕಾಯುವುದೂ ಅಭ್ಯಾಸವಾಗಿತ್ತು.

ಹೀಗಿರಲು ಒಂದು ಮುಂಜಾನೆ ಅವನು ಬಾಯಿ ಮುಕ್ಕಳಿಸಿದ ನೀರು ಉಗುಳುವ ಮೊದಲೇ ತುಟಿಯ ಎಡ ತುದಿಯಿಂದ ಸುರಿದು ಬನಿಯನ್ನಿಗೆ ಬಿತ್ತು. ತಲೆ ಎತ್ತಿ ಕನ್ನಡಿ ನೋಡಿದ. ಅವನು ಮಾಡದೆ ಇದ್ದ ಮುಖವೊಂದು ಅಲ್ಲಿ ಇತ್ತು.

ಮೊದಲು ಅಭ್ಯಾಸಬಲದಿಂದ ಅದನ್ನು ತೆಗೆಯಲು ನೋಡಿದ. ಹೋಗಲಿಲ್ಲ. ಬಲಗಡೆ ಹೇಳಿದ ಮಾತು ಕೇಳುತ್ತಿತ್ತು. ಎಡಗಡೆ ಬೇರೆಯವರ ಮನೆ ಗೋಡೆಯ ಹಾಗೆ ಸುಮ್ಮನಿತ್ತು. ಬಾಯಿ ಬಲಕ್ಕೆ ಎಳೆದುಕೊಂಡಿತ್ತು, ಎಡಹುಬ್ಬು ಬಿದ್ದಿತ್ತು. ಒಂದು ಗಳಿಗೆ ಕಳೆದ ಮೇಲೆ ಅದು ಯಾರ ಮುಖವೆಂದು ಗುರುತು ಹತ್ತಿತು. ಅಪ್ಪನಿಗೂ ಹೀಗೇ ಶುರುವಾಗಿದ್ದು. ಬಾಯಿಂದ ಕೈಗೆ, ಕೈಯಿಂದ ಕಾಲಿಗೆ. ಕೊಟ್ರಸ್ವಾಮಿ ಎಡಗೈ ಎತ್ತಿ ನೋಡಿದ, ಬೆರಳು ಮಡಿಸಿ ನೋಡಿದ. ಅವು ಇನ್ನೂ ಅವನವೇ ಆಗಿದ್ದವು.

ಹೆಂಡತಿ ನೀಲಗಂಗಮ್ಮ ತಂಗಿ ಮರುಳಸಿದ್ದಮ್ಮನ ಜೊತೆ ಉಜ್ಜಿನಿಗೆ ಹೊರಟಿದ್ದಳು. ಬುತ್ತಿ ಕಟ್ಟುತ್ತಿದ್ದವಳ ಎದುರು ಹೋಗಿ ನಿಂತ.

"ಇಲ್ಲಿ ನೋಡು."

"ನೋಡಿದೆ. ಚೆಂದೈತಿ."

"ಮಾಡಿದ್ದಲ್ಲೇ ಇದು. ತಾನ ಆಗೈತಿ."

ತುಟಿ ಕೂಡದೆ ಮಾತು ಒಂದು ಬದಿಯಿಂದ ಗಾಳಿ ಸಮೇತ ಬಂತು. ನೀಲಗಂಗಮ್ಮನಿಗೆ ಮೊದಲು ನಗು ಬಂತು, ಅದರ ಬೆನ್ನಿಗೇ ಸಿಟ್ಟು.

"ಹೋದ ಸಲ ಎದಿ ಹಿಡ್ಕಂಡು ಬಿದ್ರಿ. ನಾ ಚಪ್ಪಲಿ ಇಲ್ದಂಗ ಬೀದಿಗೆ ಓಡಿ ಮಂದಿ ಕೂಡ್ಸಿದೆ. ಬಂದು ನೋಡಿದ್ರ ಎದ್ದು ಕುಂತು ಚಾ ಕುಡ್ಯಾಕತ್ತಿದ್ರಿ. ಮರ್ತಿಲ್ರೀ ನಾನು. ಅದರಾಗ ಮಾವಾರ ಮಕ ಬ್ಯಾರೆ! ದೇವ್ರಿಗೆ ಹೊಂಟಾಕಿ ಮುಂದ ಇದೇನು ನಿಮ್ದು?"

"ಆಣೆ ಮಾಡ್ತೀನೇ, ಖರೇನ—"

"ಆಣಿ ಮಾಡುವಾಗರ ಆ ಮಕ ತೆಗೀರಿ" ಎಂದು ಚೀಲ ಹೆಗಲಿಗೇರಿಸಿ ಹೋದಳು. ಬಸ್ಸು ಯಾರಿಗೂ ಕಾಯುವುದಿಲ್ಲ, ಉಜ್ಜಿನಿ ಬಸ್ಸಂತೂ.

ಮೆಡಿಕಲ್ ಶಾಪಿನ ಗುರುಮೂರ್ತಿ ಅವನ ಕಾಲೇಜು ಗೆಳೆಯ. ಆಗಷ್ಟೇ ಶಟರ್ ಎತ್ತಿ ಊದಿನಕಡ್ಡಿ ಹಚ್ಚುತ್ತಿದ್ದ. ಕೊಟ್ರಸ್ವಾಮಿಯನ್ನು ನೋಡಿ ಕಡ್ಡಿ ಹಿಡಿದ ಕೈಯನ್ನೇ ಎದೆಗೆ ಒತ್ತಿಕೊಂಡು ನಕ್ಕ.

"ಯಾರ್ದಲೇ ಇದು? ಹೊಸಾದು!"

"ನಂದೇ ಕಣಲೇ."

"ನಿಂದು ನಂಗೊತ್ತಿಲ್ಲೇನು? ಹೇಳು, ಹೇಳು. ಆ ಕೊಟ್ಟೂರಿನ ಮದುವಿ ದಲ್ಲಾಳಿ? ಹೌದಲ್ಲ? ಒಂದು ಫೋಟೋ ತಗೀತೀನಿ ತಡಿ, ಗ್ರೂಪಿಗೆ ಹಾಕನ."

"ಗುರುಮೂರ್ತಿ, ಅಪ್ಪಗ ಆಗಿತ್ತಲ್ಲ, ಹಂಗ ಆಗೈತಿ. ಏನರ ಮಾತ್ರಿ—"

"ಈ ಮಕಕ್ಕ ಮಾತ್ರಿ ಇಲ್ಲಪ್ಪ, ಟಿಕೀಟ್ ಇಡಬೇಕು."

ಕೊಟ್ರಸ್ವಾಮಿಗೆ ರೇಗಿತು. ಆದರೆ ಸಿಟ್ಟಿಗೆ ಪೂರ್ತಿ ಮುಖ ಬೇಕು. ಅರ್ಧ ಮುಖದಲ್ಲಿ ಬಂದ ಸಿಟ್ಟು ತಮಾಷೆಯಾಗಿಬಿಡುತ್ತದೆ. ಅವನು ಹಲ್ಲು ಕಡಿದಷ್ಟೂ ಗುರುಮೂರ್ತಿ ಕೌಂಟರು ಬಡಿದುಕೊಂಡು ನಕ್ಕ. ಮೂವತ್ತು ವರ್ಷ ಊರಿಗೆಲ್ಲ ಇಲ್ಲದ ಮುಖ ತೋರಿಸಿದವನು ಇದ್ದ ಮುಖ ತೋರಿಸಿದರೆ ಕೊಳ್ಳುವವರಿರಲಿಲ್ಲ. ಮುಖಭಂಗ ಎಂಬ ಮಾತನ್ನು ಅವನು ಎಷ್ಟೋ ಸಲ ಆಡಿದ್ದ, ಅದು ಹೀಗೆ ಪದಶಃ ಬಂದು ಕೂರುತ್ತದೆ ಎಂದುಕೊಂಡಿರಲಿಲ್ಲ.

ಆಸ್ಪತ್ರೆಯ ದಾರಿ ಅವನಿಗೆ ಗೊತ್ತಿತ್ತು. ಆಟೋ ಕೂಡ ಎದುರಿಗೇ ನಿಂತಿತ್ತು. ಆದರೆ ಡಾಕ್ಟರು ಹೌದು, ನಿಮ್ಮಪ್ಪನದೇ ರೋಗ ಎಂದರೆ ಅದನ್ನು ಕೇಳಿಸಿಕೊಳ್ಳಲು ಪಕ್ಕದಲ್ಲಿ ಇನ್ನೊಬ್ಬರು ಬೇಕಿತ್ತು. ಈ ಮುಖ ನಿಜದ್ದೆಂದು ನಂಬುವ ಒಬ್ಬರು. ಅಪ್ಪನ ಮುಖವನ್ನು ದಿನವೂ ಒರೆಸಿದವನು ಊರಿನಲ್ಲಿ ಒಬ್ಬನೇ ಇದ್ದ. ಕೊಟ್ರಸ್ವಾಮಿ ಅಂಗಡಿಗೆ ನಡೆದ.

ನಾಗಪ್ಪ ಬೆನ್ನು ಬಗ್ಗಿಸಿ ಹಿಟ್ಟು ಕಲಸುತ್ತಿದ್ದ. ಅವನು ತಮ್ಮನ ಮುಖ ನೋಡುವ ರೀತಿಯೇ ಬೇರೆ. ಮುಖವನ್ನು ನೋಡುತ್ತಿರಲಿಲ್ಲ, ಸನ್ನೆಯನ್ನಷ್ಟೇ ನೋಡುತ್ತಿದ್ದ. ಮಿಕ್ಕದ್ದಕ್ಕೆ ಕಣ್ಣು ಹಾಕಿದರೆ ಮಾತು ಬಿಟ್ಟದ್ದಕ್ಕೆ ಅರ್ಥವೇನು? ಹಾಗಾಗಿ ಕೊಟ್ರಸ್ವಾಮಿ ಗಲ್ಲಾದಲ್ಲಿ ಕೂತು, ಗಲ್ಲಕ್ಕೆ ಕೈ ಕೊಟ್ಟು, ಅಣ್ಣ ಒಮ್ಮೆ ನೆಟ್ಟಗೆ ನೋಡಲಿ ಎಂದು ಕಾದ.

ಅಷ್ಟರಲ್ಲಿ ಎರಡು ಬಸ್ಸು ಒಟ್ಟಿಗೆ ಬಂದವು. ಮುಂದಿನ ಬೆಂಚಿನಲ್ಲಿ ಯರ್ರೆಪ್ಪ ಬಂದು ಕೂತ. ತಂಬ್ರಹಳ್ಳಿಯ ಕುರಿಗಾರ, ಹೆಗಲಿಗೆ ಕಂಬಳಿ, ವಾರಕ್ಕೊಮ್ಮೆ ತಪ್ಪದ ಗಿರಾಕಿ. ನಾಗಪ್ಪ ತಟ್ಟೆಗೆ ಮಂಡಕ್ಕಿ ಸುರಿದು ಗಲ್ಲಾದ ಕಡೆ ಕಣ್ಣು ಹಾಯಿಸಿದ. ಕೊಟ್ರಸ್ವಾಮಿ ರೆಪ್ಪೆ ಬಡಿದ. ಎಡರೆಪ್ಪೆ ಅಲುಗಲಿಲ್ಲ, ಬಲಗಣ್ಣೊಂದೇ ಮುಚ್ಚಿ ತೆರೆಯಿತು.

ನಮ್ಮೋರು. ನಾಗಪ್ಪ ಒಂದು ಮೆಣಸಿನಕಾಯಿ ಜಾಸ್ತಿ ಹಾಕಿದ.

ಎರಡನೆಯ ತಟ್ಟೆಗೂ ಕಣ್ಣು ಹಾಯಿಸಿದ. ಬಲಗಣ್ಣು ಹೊಡೆಯಿತು. ಮೂರನೆಯದಕ್ಕೂ. ಮನುಷ್ಯ ಎಷ್ಟು ಹೊತ್ತು ರೆಪ್ಪೆ ಬಡಿಯದೆ ಇರಬಲ್ಲ? ಆ ಹೊತ್ತು ಹರಪನಹಳ್ಳಿಯಲ್ಲಿ ಬಸ್ಸಿಳಿದವರೆಲ್ಲ ಕೊಟ್ರಸ್ವಾಮಿಯ ನೆಂಟರಾಗಿಬಿಟ್ಟರು. ಕೂಡ್ಲಿಗಿಯಿಂದ ಬಂದ ಯಾರೋ ಮಾಸ್ತರು, ಗುರುತೇ ಇಲ್ಲದ ಇಬ್ಬರು ಪೈಪು ವ್ಯಾಪಾರಿಗಳು, ಎಲ್ಲರ ತಟ್ಟೆಗೂ ಒಂದೊಂದು ಹೆಚ್ಚಿಗೆ ಬಿತ್ತು. ನಾಗಪ್ಪನ ಝಾರಿ ಸೌಟಿನ ಸದ್ದು ತಟ್ಟೆಯಿಂದ ತಟ್ಟೆಗೆ ಜೋರಾಯಿತು. ಅವನಿಗೆ ಅನುಮಾನ ಹುಟ್ಟುತ್ತಿದೆ ಎಂದು ಕೊಟ್ರಸ್ವಾಮಿಗೆ ತಿಳಿಯಿತು. ಸನ್ನೆ ನಿಲ್ಲಿಸಲು ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡ. ಈಗ ಉಳಿದದ್ದು ಎಡಗಣ್ಣು, ದುಂಡಗೆ ತೆರೆದು, ರೆಪ್ಪೆ ಬಡಿಯದೆ ಅಣ್ಣನನ್ನೇ ನೋಡುತ್ತಿತ್ತು.

"ಓಹೋಹೋ!" ಯರ್ರೆಪ್ಪ ತಟ್ಟೆ ಕೆಳಗಿಟ್ಟ. "ಕೊಟ್ರಣ್ಣ ಇವತ್ತು ಮುಂಜಾನಿಗೇ ಸುರು ಹಚ್ಯಾನ! ಯಾರ್ದಪ್ಪ ಇದು? ತಡೀರಿ, ಯಾರೂ ಹೇಳಬ್ಯಾಡ್ರಿ, ನಾನ ಹೇಳ್ತೀನಿ. ನಮ್ಮೂರ ನೀರುಗಂಟಿ?"

"ಅಲ್ಲ" ಅಂದ ಕೊಟ್ರಸ್ವಾಮಿ. ಅದೂ ಸೊಟ್ಟಗೆ ಬಂತು.

"ಭಲೇ! ದನಿನೂ ಕೂಡೈತಿ! ಹಂಗಾರ ಹಗರಿಬೊಮ್ಮನಹಳ್ಳಿ ಸಂತ್ಯಾಗ ತಕ್ಕಡಿ ಹಿಡ್ಯಾನಲ್ಲ, ಅವನು?"

ಬೆಂಚುಗಳು ಆಟಕ್ಕೆ ಇಳಿದವು. ಒಬ್ಬ ಚಾದಂಗಡಿಯವನ ಹೆಸರು ಹೇಳಿದ, ಇನ್ನೊಬ್ಬ ತನ್ನ ಮಾವನದೇ ಎಂದು ಹಟ ಹಿಡಿದ. ಮೂಲೆಯಲ್ಲಿದ್ದ ಒಬ್ಬ ಮುದುಕ ಕನ್ನಡಕ ಸರಿ ಮಾಡಿಕೊಂಡು ನಿಧಾನಕ್ಕೆ ಅಂದ:

"ಅಲ್ರಪ್ಪ. ಇವರಪ್ಪಾರು. ಥೇಟ್ ಹಿರೇ ಸಾವ್ಕಾರ್ರು, ಕಡೀಗಾಲದಾಗ ಹಿಂಗ ಇದ್ರು."

ಬಾಣಲೆಯ ಎಣ್ಣೆ ಮಾತ್ರ ಮಾತಾಡುತ್ತಿತ್ತು.

ನಾಗಪ್ಪ ನೋಡಿದ. ಐದಾರು ವರ್ಷಗಳಲ್ಲಿ ಮೊದಲ ಸಲ ಸನ್ನೆಯನ್ನು ಬಿಟ್ಟು ಮುಖವನ್ನು ನೋಡಿದ. ಕೊಟ್ರಸ್ವಾಮಿ ಅದನ್ನೇ ಕಾದಿದ್ದವನು. ಬೆಳಿಗ್ಗೆಯಿಂದ ಎದೆಯಲ್ಲಿ ಇಟ್ಟುಕೊಂಡದ್ದನ್ನೆಲ್ಲ ಮುಖಕ್ಕೆ ತಂದ: ಹೆದರಿಕೆ, ಬೇಡಿಕೆ, ನೀನೊಬ್ಬ ನಂಬು ಎನ್ನುವುದು. ಬಂದದ್ದು ಬಲತುಟಿ ಇನ್ನಷ್ಟು ಮೇಲೆ ಹೋಗಿ ಅಪ್ಪ ಮಿರ್ಚಿ ಕೇಳುವಾಗಿನ ಮುಖ.

ನಾಗಪ್ಪ ಝಾರಿಯನ್ನು ಬಾಣಲೆಯ ಕಂಠಕ್ಕೆ ಒಂದೇಟು ಬಡಿದು ಬೆನ್ನು ತಿರುಗಿಸಿದ.

ಅವರ ಭಾಷೆಯಲ್ಲಿ ಬೆನ್ನು ತಿರುಗಿಸುವುದಕ್ಕೆ ಅರ್ಥವೇ ಇರಲಿಲ್ಲ. ಬೆನ್ನು ಎಂದರೆ ಭಾಷೆಯೇ ಮುಗಿಯಿತು ಎಂದು. ಕೊಟ್ರಸ್ವಾಮಿ ಗಲ್ಲಾ ಬಿಟ್ಟು ಎದ್ದ, ಬಾಣಲೆಯ ಹತ್ತಿರ ಬಂದು ನಿಂತ. ಅಣ್ಣ ಎನ್ನಬೇಕು. ಎರಡಕ್ಷರ. ತುಟಿ ಕೂಡಬೇಕಾದ ಪದವೂ ಅಲ್ಲ, ನಾಲಿಗೆಯೊಂದರಲ್ಲೇ ಆಗುವಂಥದ್ದು. ಆದರೆ ಬಿಟ್ಟವನೇ ಹಿಡಿಯಬೇಕು. ತಾನಾಗಿ ಅಂದರೆ ಅಪ್ಪನ ಮುಖ ಹೊತ್ತು ಅಪ್ಪನ ದನಿಯಲ್ಲಿ ಅಣಕಿಸಿದ ಹಾಗೆ. ಅವನು ಸುಮ್ಮನೆ ನಿಂತ.

ಸಿಟ್ಟಿನ ಕೈಗೆ ಒಲೆ ತಿಳಿಯುವುದಿಲ್ಲ. ನಾಗಪ್ಪ ಸೀಳಿಟ್ಟ ಮೆಣಸಿನಕಾಯಿಗಳನ್ನು ಹಿಟ್ಟಿಗೆ ಅದ್ದದೆಯೇ ಬುಟ್ಟಿಯಿಂದ ಬೊಗಸೆ ತೆಗೆದು ಎಣ್ಣೆಗೆ ಎಸೆದ. ಅರ್ಧ ಎಣ್ಣೆಗೆ ಬಿದ್ದವು, ಅರ್ಧ ಬೆಂಕಿಗೆ. ಬೀಜ ಸಿಡಿಯಿತು. ಘಾಟು ಎದ್ದಿತು.

ಹರಪನಹಳ್ಳಿಯವರು ಘಾಟಿಗೆ ಹೊಸಬರೇನಲ್ಲ, ಆದರೆ ಇದು ಬೇರೆ ಜಾತಿಯದು. ಬೆಂಚುಗಳು ಒಟ್ಟಿಗೆ ಕೆಮ್ಮಿದವು. ಯರ್ರೆಪ್ಪ ಕಂಬಳಿಯನ್ನು ಮೂಗಿಗೆ ಒತ್ತಿ ತಟ್ಟೆ ಸಮೇತ ರಸ್ತೆಗೆ ಓಡಿದ. ಮಾಸ್ತರು, ಪೈಪಿನವರು, ಮುದುಕ, ಎಲ್ಲರೂ ಕಣ್ಣು ಕಿವುಚಿಕೊಂಡು, ಗೋಡೆ ತಡವುತ್ತ ಹೊರಗೆ ಬಿದ್ದರು. ನಾಗಪ್ಪ ಹೆಗಲ ಟವೆಲ್ಲಿನಿಂದ ಮುಖ ಒತ್ತಿಕೊಂಡು ಒಲೆ ಆರಿಸಿ ತಿರುಗಿದ.

ಹೊಗೆಯ ನಡುವೆ ತಮ್ಮ ನಿಂತಿದ್ದ. ಬಗ್ಗಿ ಕೆಮ್ಮುತ್ತಿದ್ದ. ಬಲಗಣ್ಣು ಬಿಗಿಯಾಗಿ ಮುಚ್ಚಿತ್ತು. ಎಡಗಣ್ಣು ತೆರೆದೇ ಇತ್ತು. ಮುಚ್ಚಲು ಹೆಣಗುತ್ತಿತ್ತು, ಗುಡ್ಡೆ ಮೇಲಕ್ಕೆ ಹೋಗಿ ಬರೀ ಬಿಳಿ ಕಾಣುತ್ತಿತ್ತು, ರೆಪ್ಪೆ ಇಳಿಯುತ್ತಿರಲಿಲ್ಲ. ಬಿಳಿಯ ಮೇಲೆ ಕೆಂಪು ಗೆರೆಗಳು ಎದ್ದಿದ್ದವು. ನೀರು ಕೆನ್ನೆಯಿಂದ ಸುರಿದು ಅಂಗಿಯ ಕಾಲರು ಒದ್ದೆಯಾಗಿತ್ತು.

ನಾಗಪ್ಪ ಹುಟ್ಟಿದಾಗಿನಿಂದ ಘಾಟಿನಲ್ಲಿ ಬೆಳೆದವನು. ಬಾಯಿ ಸೊಟ್ಟ ಮಾಡಬಹುದು, ದನಿ ಬದಲಿಸಬಹುದು. ಆ ಹೊಗೆಯಲ್ಲಿ ಕಣ್ಣು ತೆರೆದಿಟ್ಟುಕೊಳ್ಳುವ ನಕಲಿಗಾರ ಇನ್ನೂ ಹುಟ್ಟಿಲ್ಲ.

"ಕಣ್ ಮುಚ್ಚಲೇ" ಅಂದ.

ಕೊಟ್ರಸ್ವಾಮಿಗೆ ಕೇಳಿದ್ದು ನಿಜವೋ ಅಲ್ಲವೋ ತಿಳಿಯಲಿಲ್ಲ.

"ಕಣ್ ಮುಚ್ಚಲೇ ಹುಚ್ಚಪ್ಯಾಲಿ!"

"ಮುಚ್ಚವಲ್ದಣ್ಣ."

ನಾಗಪ್ಪ ಕೈ ಚಾಚಿದವನು ಅರ್ಧಕ್ಕೆ ತಡೆದ. ಮೆಣಸಿನಕಾಯಿ ಸೀಳಿದ ಕೈ. ಅದನ್ನು ಬೆನ್ನ ಹಿಂದೆ ಮಾಡಿ, ಮೊಳಕೈಯಿಂದ ತಮ್ಮನ ತಲೆ ತನ್ನೆಡೆಗೆ ಎಳೆದು, ಅಂಗಿ ತೋಳಿನಲ್ಲಿ ಆ ಕಣ್ಣನ್ನು ಮುಚ್ಚಿ ಹಿಡಿದ. ಹಾಗೇ ಇಬ್ಬರೂ ಏಡಿಯ ಹಾಗೆ ಅಡ್ಡಡ್ಡ ನಡೆದು ಹೊರಗೆ ಬಂದರು. ರಸ್ತೆಯಲ್ಲಿದ್ದ ಯರ್ರೆಪ್ಪ ಕಣ್ಣೀರು ಒರೆಸುತ್ತ ಚಪ್ಪಾಳೆ ತಟ್ಟಿದ.

"ಏನ್ ಮಾಡಿದ್ಯೋ ಕೊಟ್ರಣ್ಣ! ಅಣ್ಣನ್ನೂ ಪಾಲ್ಟಿಗೆ ಸೇರಿಸ್ಕಂಡ್ಯಲ್ಲ!"

"ಯರ್ರೆಪ್ಪ" ಅಂದ ನಾಗಪ್ಪ. "ನಗಬ್ಯಾಡ. ಆಟೋ ಕರಿ."

ಆಟೋದಲ್ಲಿ ನಾಗಪ್ಪ ಮಾತಿಗೆ ಬಾಯಿ ತೆರೆದ. ಹಳೆಯ ಕೊಳಾಯಿ ತಿರುಗಿಸಿದ ಹಾಗೆ ಮೊದಲು ಗಾಳಿಯೇ ಬಂತು.

"ಅಪ್ಪನ್ನ ಮಾಡ್ತೀ ಅಂದ್ಕಂಡೆ" ಅಂದ ನಾಗಪ್ಪ, ಹೊರಗೆ ನೋಡುತ್ತ.

"ಆವತ್ತಿಂದ ಮಾಡಿಲ್ಲಣ್ಣ."

"ಹೂಂ." ಸ್ವಲ್ಪ ದೂರ ಹೋದ ಮೇಲೆ, "ಕೈ ಎತ್ತು ನೋಡನ. ಆ ಕೈಯಲ್ಲ, ಎಡದ್ದು. ಹಾಂ. ಇಳಿಸು. ಮತ್ತ ಎತ್ತು." ಆಸ್ಪತ್ರೆ ಬರುವವರೆಗೂ ಎತ್ತಿಸುತ್ತ ಇಳಿಸುತ್ತ ಬಂದ. ಆಟೋದವನು ಎರಡು ಸಲ ತನಗೆ ಎಡಕ್ಕೆ ತಿರುಗಲು ಹೇಳುತ್ತಿದ್ದಾರೆಂದು ತಿರುಗಿದ.

ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು, ಹೊರ ಊರಿನವಳು. ಕೊಟ್ರಸ್ವಾಮಿಯ ಖ್ಯಾತಿ ಆಕೆಗೆ ತಲುಪಿರಲಿಲ್ಲ. ಅವನಿಗೆ ಅದೇ ದೊಡ್ಡ ಸಮಾಧಾನ.

"ಎರಡೂ ಹುಬ್ಬು ಮೇಲೆತ್ತಿ" ಅಂದಳು. ಬಲದ್ದು ಎದ್ದಿತು, ಹಣೆಯ ಗೆರೆಗಳು ನಡುವೆಯೇ ನಿಂತವು. "ಗಟ್ಟಿಯಾಗಿ ಕಣ್ಣು ಮುಚ್ಚಿ. ಹಲ್ಲು ತೋರಿಸಿ. ಈಗ ಕೆನ್ನೆ ಉಬ್ಬಿಸಿ." ಎಡಗಡೆಯಿಂದ ಗಾಳಿ ಪುಸ್ಸೆಂದು ಹೋಯಿತು. ಪಕ್ಕದಲ್ಲಿ ನಿಂತಿದ್ದ ನಾಗಪ್ಪ ಉಸಿರು ಹಿಡಿದು ಹುಬ್ಬು ಎತ್ತುತ್ತಿದ್ದ, ಹಲ್ಲು ಕಿರಿಯುತ್ತಿದ್ದ, ಕೆನ್ನೆ ಉಬ್ಬಿಸುತ್ತಿದ್ದ.

"ನೀವು ಯಾಕೆ ಮಾಡ್ತಿದ್ದೀರಿ?"

ನಾಗಪ್ಪ ಕೆನ್ನೆಯ ಗಾಳಿ ಬಿಟ್ಟ. "ಅಂವ ತಡವರಿಸಿದ್ರ ನಾನು ಹೇಳಿಕೊಡೋದ್ರಿ."

ಆಕೆ ನಗಲಿಲ್ಲ. ಇದು ಮಿದುಳಿನದಲ್ಲ ಎಂದಳು. ಮಿದುಳಿನದಾದರೆ ಹಣೆಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಇಲ್ಲಿ ಹಣೆಯೂ ಅಲುಗುತ್ತಿಲ್ಲ, ಕೈಕಾಲು ಗಟ್ಟಿಯಿವೆ, ಹಾಗಾಗಿ ಇದು ಮುಖದ ನರ. ಕಿವಿಯ ಹಿಂದೆ ಬಾತಿರುತ್ತದೆ. ಬೇಗ ಬಂದದ್ದು ಒಳ್ಳೆಯದಾಯಿತು. ಮಾತ್ರೆ ಬರೆದಳು, ಕಣ್ಣಿಗೆ ಹನಿ, ಮಲಗುವಾಗ ಪಟ್ಟಿ. "ಹೆಚ್ಚಿನವರಿಗೆ ವಾಪಸ್ ಬರುತ್ತೆ. ಕನ್ನಡಿ ಮುಂದೆ ಕೂತು ದಿನಾ ಮುಖ ಮಾಡಬೇಕು."

"ಮಕ ಮಾಡಬೇಕ್ರಿ?" ಕೊಟ್ರಸ್ವಾಮಿ ಕೇಳಿದ.

"ಹೌದು. ಎಷ್ಟು ಮಾಡಿದರೆ ಅಷ್ಟು ಒಳ್ಳೆಯದು."

ಆ ಚೀಟಿಯನ್ನು ಕೊಟ್ಟಾಗ ಗುರುಮೂರ್ತಿ ಅದನ್ನು ಎರಡು ಸಲ ಓದಿದ, ಆಮೇಲೆ ಫೋನು ತೆಗೆದು ಗ್ರೂಪಿನಿಂದ ಏನನ್ನೋ ಅಳಿಸಿದ. ಉಜ್ಜಿನಿಯಿಂದ ಬಂದ ನೀಲಗಂಗಮ್ಮ ಮೊದಲು ತಾನು ತಂದ ವಿಭೂತಿಯನ್ನು ಅವನ ಕೆನ್ನೆಗೆ ಹಚ್ಚಿದಳು, ಆಮೇಲೆ ಅತ್ತಳು, ಅತ್ತಾದ ಮೇಲೆ ಇದಕ್ಕೆಲ್ಲ ನೀವೇ ಕಾರಣ ಎಂದು ಬೈದಳು. ಮೂರನ್ನೂ ಅವನು ಒಪ್ಪಿಕೊಂಡ.

ಅಂಗಡಿಯ ಕೈತೊಳೆಯುವ ಜಾಗದಲ್ಲಿ ಒಂದು ಕನ್ನಡಿ ಇತ್ತು. ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಇಬ್ಬರೂ ಅದರ ಮುಂದೆ ನಿಲ್ಲುತ್ತಿದ್ದರು. ಊರಿನ ಮುಖಗಳನ್ನೆಲ್ಲ ಕಲಿತವನು ಈಗ ತನ್ನದನ್ನು ಕಲಿಯಬೇಕಿತ್ತು, ಕಲಿಸುವವನು ಜನ್ಮದಲ್ಲಿ ಸನ್ನೆಗಲ್ಲದೆ ಮುಖ ಅಲುಗಿಸದವನು. ನಾಗಪ್ಪನ ನಗು ವರ್ಷಗಟ್ಟಲೆ ತೆರೆಯದ ಬೀರುವಿನ ಬಾಗಿಲ ಹಾಗೆ ಕಿರುಗುಟ್ಟುತ್ತ ತೆರೆಯುತ್ತಿತ್ತು. ಕೊಟ್ರಸ್ವಾಮಿ ಅದನ್ನೇ ನಕಲು ಮಾಡುತ್ತಿದ್ದ, ಹಿಂದಿನಂತೆ ಒಂದೇ ಸಲಕ್ಕೆ ಬರುತ್ತಿರಲಿಲ್ಲ.

ಮಾತು ಬಂದಿತ್ತೇನೋ ಹೌದು, ಆದರೆ ಅಂಗಡಿ ಅದರಿಂದ ಸುಧಾರಿಸಲಿಲ್ಲ. ಒಂದು ಗದ್ದದಲ್ಲಿ ಮುಗಿಯುತ್ತಿದ್ದದ್ದಕ್ಕೆ ಈಗ ಎರಡು ವಾಕ್ಯ ಬೇಕು, ವಾಕ್ಯಕ್ಕೆ ಉತ್ತರ ಬೇಕು, ಉತ್ತರಕ್ಕೆ ತಕರಾರು. ಅದರ ಮೇಲೆ ಹಿಟ್ಟಿಗೆ ಉಪ್ಪು ಹೆಚ್ಚಾಗತೊಡಗಿತು. ಮೊದಲ ಮಿರ್ಚಿ ತಿಂದು ರುಚಿ ಹೇಳುವುದು ಯಾವಾಗಲೂ ತಮ್ಮನ ಕೆಲಸ.

"ಉಪ್ಪು ಜಾಸ್ತಿ ಆಗೈತಣ್ಣ" ಅಂದ ಕೊಟ್ರಸ್ವಾಮಿ.

ನಾಗಪ್ಪ ಬಾಣಲೆಯಿಂದ ತಲೆ ಎತ್ತಿ ಅವನ ಮುಖ ನೋಡಿದ. "ಕೇಳಿಸವಲ್ದು."

"ಉಪ್ಪು. ಜಾಸ್ತಿ."

"ಕೇಳಿಸವಲ್ದು."

ಮರುದಿನವೂ ಹೆಚ್ಚಾಗಿತ್ತು. ಅದರ ಮರುದಿನವೂ. ಎಣ್ಣೆಯ ಸದ್ದಿಗೆ ಅಣ್ಣನ ಕಿವಿ ಮಂದವಾಗಿದೆ, ಕೈಯೂ ತಪ್ಪುತ್ತಿದೆ ಎಂದುಕೊಂಡ ಕೊಟ್ರಸ್ವಾಮಿ. ಯರ್ರೆಪ್ಪ ಬಾಯಿ ಚಪ್ಪರಿಸಿ, "ನಾಗಣ್ಣ, ನಿನ್ನ ಮಿರ್ಚಿ ತಿಂದು ಊರು ಮುಟ್ಟೂತನ ನೀರು ಕುಡ್ಯೋದಾತು. ನಮ್ಮ ಕುರಿಗೂ ಇಷ್ಟು ಉಪ್ಪು ನೆಕ್ಕಸಂಗಿಲ್ಲೋ" ಎಂದ. ನಾಗಪ್ಪ ಅದನ್ನು ಚೆನ್ನಾಗಿಯೇ ಕೇಳಿಸಿಕೊಂಡು, "ಇನ್ನೊಂದೀಟು ದಿನ ತಡ್ಕ" ಅಂದ.

ಕೊಟ್ರಸ್ವಾಮಿಗೆ ಆಗ ಹೊಳೆಯಿತು. ಅಣ್ಣನ ಕಿವಿಗೆ ಏನೂ ಆಗಿರಲಿಲ್ಲ.

ಅಂದಿನಿಂದ ಅವನು ಬಾಯಿ ತೆರೆಯಲಿಲ್ಲ. ಬೆಳಿಗ್ಗೆ ಮೊದಲ ಮಿರ್ಚಿ ಕಚ್ಚುತ್ತಿದ್ದ, ಉಪ್ಪಿಗೆ ನಾಲಿಗೆ ಚುರುಗುಡುತ್ತಿತ್ತು, ಅಣ್ಣನ ಕಡೆ ತಿರುಗಿ ಎಡಹುಬ್ಬಿಗೆ ಹೇಳುತ್ತಿದ್ದ: ಏಳು. ಅದು ಏಳುತ್ತಿರಲಿಲ್ಲ. ನಾಗಪ್ಪ ಝಾರಿ ಹಿಡಿದು ನೋಡುತ್ತ ನಿಲ್ಲುತ್ತಿದ್ದ. ಮೊದಲ ಸುತ್ತು ಹೊಗೆಯಾಡತೊಡಗಿದ ಮೇಲೆ ತಿರುಗುತ್ತಿದ್ದ. ಅಂಗಡಿಯ ಬೋರ್ಡಿಗಿಂತ ಅದರ ನೀರಿನ ಕೊಡ ಹೆಸರುವಾಸಿಯಾಯಿತು.

ಒಂದು ಬೆಳಿಗ್ಗೆ, ಬಸ್ಸುಗಳು ಇನ್ನೂ ಬಂದಿರಲಿಲ್ಲ, ಕೊಟ್ರಸ್ವಾಮಿ ಕಚ್ಚಿದ, ತಿರುಗಿದ. ಎಡಹುಬ್ಬಿನ ಹೊರತುದಿ ಎಳ್ಳಿನಷ್ಟು ಅಲುಗಿತು. ನಿಂತಿತು. ಮತ್ತೆ ಅಲುಗಿ, ಯಾರೋ ಒಳಗಿನಿಂದ ಕಡ್ಡಿಯಲ್ಲಿ ಎತ್ತಿದ ಹಾಗೆ, ನಡುಗುತ್ತ ಏರಿತು.

ನಾಗಪ್ಪ ಕಡಲೆಹಿಟ್ಟಿನ ಡಬ್ಬಿ ಎಳೆದು, ಎರಡು ಹಿಡಿ ತೆಗೆದು ಹಿಟ್ಟಿಗೆ ಸುರಿದು, ನೀರು ಹಾಕಿ ಕಲಸತೊಡಗಿದ.

"ಈಗ ಕೇಳಿಸ್ತು" ಅಂದ.

ಮುಂದಿನ ವಾರ ಯರ್ರೆಪ್ಪ ಬಂದು, ಮಿರ್ಚಿ ಸಪ್ಪಗಾಗಿದೆ ಎಂದು ದೂರಿದ.